ಮುಟ್ಟಬಾರದ ಕೆಂಪು ಕೀ

ನಲವತ್ತಮೂರನೇ ವಯಸ್ಸಿನಲ್ಲಿ ಪರೀಕ್ಷೆ ಪಾಸಾದ ಗಂಡಸು ಮನೆಗೆ ಹೇಗೆ ಹೋಗಬೇಕು? ನಡೆದುಕೊಂಡೇ? ಛೆ! ಮೊನ್ನೆ ಸೋಮವಾರ ನಾನು ಹಂಪನಕಟ್ಟೆಯಿಂದ ಜೆಪ್ಪುವಿನ ನಮ್ಮ ಮನೆಗೆ ಜಟಕಾ ಮಾಡಿಕೊಂಡು ಹೋದೆ. ಪರಿಚಯದವರು ಕಂಡಲ್ಲೆಲ್ಲ ಗಾಡಿ ನಿಲ್ಲಿಸಿದೆ.

"ಎಂತ ಮಾರಾಯ್ರೆ, ಮನೆಯಲ್ಲಿ ಯಾರಿಗಾದ್ರೂ ಹುಷಾರಿಲ್ವಾ?" ಎಂದು ಒಬ್ಬರು ಗಾಬರಿಯಿಂದ ಕೇಳಿದರು.

"ಟೈಪಿಂಗ್ ಲೋವರ್ ಪಾಸು! ಫಸ್ಟ್ ಕ್ಲಾಸ್!" ಎಂದೆ.

"ಮಗನದ್ದಾ?"

"ನನ್ನದೇ!"

ನಗಬೇಡಿ. ಈ ಪಾಸಿನ ಹಿಂದೆ ಎರಡು ಫೇಲುಗಳಿವೆ. ನಾನು ಹಂಚಿನ ಕಾರ್ಖಾನೆಯೊಂದರ ಆಫೀಸಿನಲ್ಲಿ ಗುಮಾಸ್ತ. ಹದಿನೇಳು ವರ್ಷ ಮುತ್ತಿನಂಥ ಅಕ್ಷರದಲ್ಲಿ (ಇದು ನನ್ನ ಮಾತಲ್ಲ, ಹಳೆಯ ಮ್ಯಾನೇಜರರ ಮಾತು) ಕಾಗದ ಬರೆದವನು. ಹೊಸ ಮ್ಯಾನೇಜರ್ ಬಂದವರೇ ಮುತ್ತು ಬೇಡ, ಟೈಪು ಬೇಕು ಎಂದರು. ನಾನು ಎರಡನೇ ಸಲ ಫೇಲಾದ ಮೇಲೆ ಕರೆದು ಕೂರಿಸಿ, "ಮುಂದಿನ ಸಲವೂ ಆಗದಿದ್ದರೆ ನಿಮ್ಮನ್ನು ಹಂಚು ಸುಡುವ ಗೂಡಿನ ಹತ್ತಿರ ಹಾಕ್ತೇನೆ. ಅಲ್ಲಿ ಬರೆಯಲಿಕ್ಕೆ ಎಂತದೂ ಇಲ್ಲ" ಎಂದರು. ಬಹಳ ಸೌಮ್ಯವಾಗಿಯೇ ಹೇಳಿದರು. ನನಗೆ ಅಲ್ಲೇ ಗೂಡಿನ ಸೆಖೆ ತಾಗಿತು.

ಫೇಲಾದದ್ದು ಸ್ಪೀಡಿನಲ್ಲಿ ಅಲ್ಲ. ಸ್ಟೇಟ್‌ಮೆಂಟಿನಲ್ಲಿ. ಹಾಗೆಂದರೆ, ಹೆಡ್ಡಿಂಗ್ ಕಾಗದದ ಸರೀ ನಡುವಿನಲ್ಲಿ ಇರಬೇಕು, ಕೆಳಗೆ ನಾಲ್ಕು ಕಾಲಂಗಳು ಗೆರೆ ಎಳೆದಂತೆ ನೇರ ನಿಲ್ಲಬೇಕು. ಇದಕ್ಕೆ ನಮ್ಮ ಇನ್‌ಸ್ಟಿಟ್ಯೂಟಿನ ಸಂಜೀವ ಮಾಸ್ಟ್ರ ಮಾರ್ಗ ಒಂದೇ: ಎಣಿಸು. ಹೆಡ್ಡಿಂಗಿನ ಅಕ್ಷರ ಎಣಿಸು, ಸಾಲಿನ ಉದ್ದದಿಂದ ಕಳೆ, ಅರ್ಧ ಮಾಡು, ಅಷ್ಟು ಸಲ ಸ್ಪೇಸ್ ಬಾರ್ ಕುಟ್ಟು. ಒಂದು ಕಾಲಮ್ಮಿನಿಂದ ಇನ್ನೊಂದಕ್ಕೆ ಹೋಗಲಿಕ್ಕೂ ಹಾಗೆಯೇ, ಪ್ರತಿ ಸಾಲಿನಲ್ಲೂ. ಇಪ್ಪತ್ತಮೂರು ಸಲ ಕುಟ್ಟುವಷ್ಟರಲ್ಲಿ ಪಕ್ಕದವನೊಮ್ಮೆ ಕೆಮ್ಮಿದರೆ ಮುಗಿಯಿತು. ನನ್ನ ಕಾಲಂಗಳು ಶೇಂದಿ ಅಂಗಡಿಯಿಂದ ಹೊರಟವರ ಹಾಗೆ ಕಾಣುತ್ತಿದ್ದವು.

ಮೆಷಿನ್ನಿನ ಮೇಲಿನ ಮೂಲೆಯಲ್ಲಿ ಒಂದು ಕೆಂಪು ಕೀ ಇತ್ತು. "ಅದನ್ನು ಮುಟ್ಟಿದರೆ ಮೆಷಿನ್ ಹಾಳಾಗ್ತದೆ" ಎಂಬುದು ಮಾಸ್ಟ್ರ ಕಟ್ಟಪ್ಪಣೆ. ಮುಟ್ಟಿದವರಿಗೆ ಅಂದು ಕ್ಲಾಸಿಲ್ಲ. ನಾವು ಎಷ್ಟು ವಿಧೇಯರೆಂದರೆ, ಧೂಳು ಒರೆಸುವಾಗಲೂ ಅದನ್ನು ಬಿಟ್ಟೇ ಒರೆಸುತ್ತಿದ್ದೆವು. ಯಾಕೆ ಎಂದು ಒಬ್ಬನಾದರೂ ಕೇಳಿದನೇ?

ಪರೀಕ್ಷೆಯ ದಿನ ಬಂತು. ಟೈಪಿಂಗ್ ಪರೀಕ್ಷೆಗೆ ಅಭ್ಯರ್ಥಿ ಮಾತ್ರ ಹೋದರೆ ಸಾಲದು, ಮೆಷಿನ್ನೂ ಹೋಗಬೇಕು. ಕೈಗಾಡಿಯಲ್ಲಿ ಬೈಹುಲ್ಲು ಹಾಸಿ, ಆರು ಮೆಷಿನ್ ಇಟ್ಟು, ಮೇಲೆ ಬೆಡ್‌ಶೀಟ್ ಹೊದೆಸಿ ಹೊರಟೆವು. ಗಾಡಿಯ ಹಿಂದೆ ನಾವು ಆರು ಮಂದಿ ದಿಬ್ಬಣದವರ ಹಾಗೆ ನಡೆದೆವು. ಉಳಿದ ಐವರೂ ನನ್ನ ಮಗಳ ಪ್ರಾಯದವರು.

ದಾರಿಯ ಕುಲುಕಾಟಕ್ಕೆ ಮೆಷಿನ್ ಎಲ್ಲಾದರೂ ಸಡಿಲಾಗಿದ್ದರೆ ಸರಿಮಾಡಲು ಪರೀಕ್ಷೆಯ ಹಾಲಿನ ಜಗಲಿಯಲ್ಲಿ ರಿಪೇರಿಯ ಹಮೀದ್ ಬ್ಯಾರಿಗಳು ಕೂತಿದ್ದರು. ಉಳ್ಳಾಲದವರು, ದೋಣಿ ದಾಟಿ ಬರುವವರು, ಐವತ್ತರ ಮೇಲಿನ ಪ್ರಾಯ. ನನ್ನ ಮೆಷಿನ್ನಿಗೆ ಎಣ್ಣೆ ಬಿಟ್ಟು, ಒರೆಸಿ, ಸೀದಾ ಕೆಂಪು ಕೀಯನ್ನೇ ಒತ್ತಿಬಿಟ್ಟರು. ಕಾಗದ ಸಿಕ್ಕಿಸುವ ಕ್ಯಾರೇಜ್ ಸರ್ರನೆ ಹಾರಿ ಎಡತುದಿಗೆ ಹೋಗಿ ಠಪ್ಪೆಂದಿತು.

ನನಗೆ ಜೀವ ಹೋದಂತಾಯಿತು. "ಎಂತ ಮಾಡಿದ್ರಿ ನೀವು? ಅದನ್ನು ಮುಟ್ಟಬಾರದು!"

ಬ್ಯಾರಿಗಳು ನನ್ನನ್ನೇ ನೋಡಿದರು. "ಮತ್ತೆ ಚಂದಕ್ಕೆ ಇಟ್ಟದ್ದಾ ಇದನ್ನು?"

ಮೆಷಿನ್ನಿನ ಹಿಂದೆ ಹಲ್ಲು ಹಲ್ಲಿನ ಪಟ್ಟಿಯೊಂದಿದೆ. ಅದರಲ್ಲಿ ಸರಿಯುವ ನಾಲ್ಕು ಪುಟ್ಟ ಬಿಲ್ಲೆಗಳು. ಕಾಲಂ ಬೇಕಾದಲ್ಲಿಗೆ ಅವನ್ನು ಒಮ್ಮೆ ಸರಿಸಿಟ್ಟರೆ ಆಯಿತು, ಆಮೇಲೆ ಕೆಂಪು ಕೀ ಒತ್ತಿದಾಗಲೆಲ್ಲ ಕ್ಯಾರೇಜ್ ತಾನಾಗಿ ಅಲ್ಲಿಗೇ ಬಂದು ನಿಲ್ಲುತ್ತದೆ. ಹತ್ತು ಸಾಲಿರಲಿ, ನೂರಿರಲಿ.

"ಹೆಡ್ಡಿಂಗಿಗೆ?" ಎಂದೆ.

"ಅದಕ್ಕೂ ಉಂಟು. ಕಾಗದದ ನಡುವಿಗೆ ಬಂದು ನಿಲ್ಲಿ. ಹೆಡ್ಡಿಂಗನ್ನು ಎರಡೆರಡು ಅಕ್ಷರ ಬಾಯಲ್ಲಿ ಹೇಳಿ. ಪ್ರತಿ ಎರಡಕ್ಕೆ ಬ್ಯಾಕ್‌ಸ್ಪೇಸ್ ಒಂದು ಸಲ. ಎಲ್ಲಿ ನಿಲ್ತದೋ ಅಲ್ಲಿಂದ ಟೈಪ್ ಮಾಡಿ. ಎಣಿಸಲಿಕ್ಕೆ ಎಂತ ಉಂಟು ಅದರಲ್ಲಿ? ಮೆಷಿನ್ ಮಾಡಿದವ ನಿಮ್ಮ ಕೆಲಸವನ್ನೆಲ್ಲ ಮೊದಲೇ ಒಳಗೆ ಮಾಡಿ ಇಟ್ಟಿದ್ದಾನೆ ಮಾರಾಯ್ರೆ. ನೀವು ಸುಮ್ಮನೆ ಬಾರ್ ಕುಟ್ಟುದು!"

ಗಂಟೆ ಹೊಡೆಯಲು ಇಪ್ಪತ್ತು ನಿಮಿಷ. ಹಳೇ ಕಾಗದದಲ್ಲಿ ಮೂರು ಸಲ ಮಾಡಿ ನೋಡಿದೆ. ಮೂರು ಸಲವೂ ಸರಿ ಬಂತು. ಆದರೂ ಹೆದರಿಕೆ. ಎರಡು ವರ್ಷ ಕಲಿತದ್ದನ್ನು ಬಿಟ್ಟು ಇಪ್ಪತ್ತು ನಿಮಿಷದ ವಿದ್ಯೆಯನ್ನು ನಂಬುವುದೇ? ಕೈಕೊಟ್ಟರೆ ನನಗೆ ಗೂಡೇ ಗತಿ. ಆದರೆ ಕಲಿತದ್ದು ನನ್ನನ್ನು ಎರಡು ಸಲ ಉದ್ಧಾರ ಮಾಡಿದ್ದು ನೆನಪಾಯಿತು. ಬಿಲ್ಲೆ ಸರಿಸಿದೆ.

ಪ್ರಶ್ನೆ: ಹತ್ತು ಸಾಲು; ಊರು, ಶಾಲೆ, ಹುಡುಗರು, ಹುಡುಗಿಯರು ಎಂದು ನಾಲ್ಕು ಕಾಲಂ. ಹಾಲಿನ ತುಂಬ ತುಟಿಗಳು ಎಣಿಸುತ್ತಿದ್ದವು. ನಾನು ಕೆಂಪು ಕೀ ಒತ್ತಿದೆ. ಸರ್ರ್, ಠಪ್! ನಮ್ಮವರು ಐವರೂ ತಿರುಗಿ ನೋಡಿದರು. ಪಕ್ಕದ ಹುಡುಗಿ "ಅಯ್ಯೋ" ಎಂದೇಬಿಟ್ಟಳು. (ಮೆಷಿನ್ ಹೋಯಿತು ಎಂದು ಅವಳ ಲೆಕ್ಕ.) ಮತ್ತೆ ಸರ್ರ್, ಠಪ್! ಸೂಪರ್‌ವೈಸರ್ ಬಂದು ಹಿಂದೆ ನಿಂತರು. ನನ್ನ ಕಾಗದ ನೋಡಿದರು. ಮುಂದಿನ ಮೇಜಿಗೆ ಹೋದರು. ಕಾಲಂಗಳು ಕವಾಯತಿನ ಪೊಲೀಸರಂತೆ ನಿಂತಿದ್ದವು. ಮುಗಿಸಿ ಕೈಕಟ್ಟಿ ಕೂತಾಗ ಹದಿನೈದು ನಿಮಿಷ ಬಾಕಿ! ಆ ಹದಿನೈದು ನಿಮಿಷ ನನಗೆ ಆದ ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ. (ಮನೆಯವರು ಈ ಅಂಕಣ ಓದುವುದಿಲ್ಲ, ಧೈರ್ಯವಾಗಿ ಬರೆಯುತ್ತಿದ್ದೇನೆ.)

ರಿಸಲ್ಟ್ ಕಂಡು ಮ್ಯಾನೇಜರ್ ಎದ್ದು ನಿಂತು ಕೈಕುಲುಕಿದರು. ಅವರೇ ಎದ್ದರು, ಗಮನಿಸಿ. ಹಮೀದ್ ಬ್ಯಾರಿಗಳಿಗೆ ಒಂದು ಕಿಲೋ ಹಲ್ವ ಕೊಟ್ಟೆ. "ಬರೇ ಒಂದು ಕೀ ತೋರಿಸಿದ್ದಕ್ಕಾ?" ಎಂದು ನಕ್ಕರು.

ಇನ್ನು ಮಾಸ್ಟ್ರು. ಮರುದಿನ ಸಂಜೆ ಇನ್‌ಸ್ಟಿಟ್ಯೂಟಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೈಯುತ್ತಾರೆಂದು ತಯಾರಾಗಿಯೇ ಹೋಗಿದ್ದೆ. ಅವರು ಬೈಯಲಿಲ್ಲ. ಮಕ್ಕಳೆಲ್ಲ ಹೋಗುವವರೆಗೆ ಕಾದರು. ಬಾಗಿಲು ಅಡ್ಡ ಮಾಡಿದರು. ಮೆಷಿನ್ನಿನ ಮುಂದೆ ಸ್ಟೂಲು ಎಳೆದು ಕೂತು, ಮೆಲ್ಲಗೆ, "ಹೇಗೆ ಅದು? ಒಮ್ಮೆ ತೋರಿಸಿ ನೋಡುವಾ" ಎಂದರು. ತೋರಿಸಿದೆ. ಹತ್ತು ಸಲ ಒತ್ತಿದರು, ಪ್ರತಿ ಸಲವೂ ನಕ್ಕರು. ಅವರಿಗೆ ಕಲಿಸಿದ ಮಾಸ್ಟ್ರೂ ಮುಟ್ಟಬೇಡ ಎಂದಿದ್ದರಂತೆ.

ಒಂದು ಕೇಳುತ್ತೇನೆ: ನಮಗೆ 'ಮುಟ್ಟಬೇಡಿ' ಎನ್ನುವವರಲ್ಲಿ ಎಷ್ಟು ಮಂದಿ ತಾವು ಮುಟ್ಟಿ ನೋಡಿದ್ದಾರೆ?