ಹಲ್ಲಿನ ಅಂಕಲ್ ಆರಿಸಿದ ಅಂಟು

ಎರಡು ಟ್ಯೂಬಿನ ಅಂಟನ್ನು ಕಲಸುವಾಗ ಒಂದು ವಾಸನೆ ಬರುತ್ತದೆ. ಪಕ್ಕದ ಕೋಣೆಯಲ್ಲಿ ಯಾರೋ ಒಣಮೀನಿನ ಡಬ್ಬದ ಮುಚ್ಚಳ ತೆಗೆದ ಹಾಗೆ. ಬೇಲೂರಿನ ಮನೆಯಲ್ಲಿ ಬಿಡುವಿದ್ದಾಗ ನಾನು ಮರದ ಪೆನ್ನು ಮಾಡುತ್ತೇನೆ. ಹೋದ ಭಾನುವಾರ ರಟ್ಟಿನ ತುಂಡಿನ ಮೇಲೆ ಎರಡೂ ಟ್ಯೂಬನ್ನು ಸಮಸಮ ಹಿಂಡಿ ಕಡ್ಡಿಯಿಂದ ಕಲಸುತ್ತ ಕೂತಿದ್ದೆ. ನನ್ನವರು ಮೂಗು ಮುಚ್ಚಿಕೊಂಡು ಕಿಟಕಿ ತೆಗೆದರು. ನನಗೆ ಮಾತ್ರ ಅರಸೀಕೆರೆಯಲ್ಲಿ ನಮ್ಮ ತವರುಮನೆಯ ಬೀದಿ, ಎದುರುಮನೆಯ ಜಗಲಿ, ಅಲ್ಲಿ ಕನ್ನಡಕವನ್ನು ಹಣೆಗೇರಿಸಿಕೊಂಡು ಕೂರುತ್ತಿದ್ದ ಹಲ್ಲಿನ ಅಂಕಲ್...

ಹಲ್ಲಿನ ಅಂಕಲ್ ಎಂದರೆ ಹಲ್ಲಿನ ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸಿದರೆ ಅದಕ್ಕೆ ಸರಿಯಾಗಿ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವರ ಕಸುಬು. ಒಳ್ಳೆಯ ಕೆಲಸಗಾರರು, ಅಷ್ಟೇ ಜಂಬದವರು. ಮದುವೆ ಊಟದ ಸಾಲಿನಲ್ಲಿ ಯಾರಾದರೂ ಹಿರಿಯರು ಚಕ್ಕುಲಿ ಕಡಿಯುವುದು ಕಂಡರೆ ಪಕ್ಕದವರನ್ನು ಮೊಣಕೈಯಿಂದ ತಿವಿದು, "ನೋಡಿ, ನನ್ನ ಸೆಟ್ಟು" ಎನ್ನುತ್ತಿದ್ದರು. ಯಾರ ಬಾಯಲ್ಲಿ ಕಟ್ಟಿಸಿದ ಹಲ್ಲಿದೆ ಎಂಬುದು ಹೀಗೆ ಇಡೀ ಊರಿಗೆ ಗೊತ್ತಾಗಿಬಿಡುತ್ತಿತ್ತು. ಕೆಲವರು ಅವರಿರುವ ಪಂಕ್ತಿಯಲ್ಲಿ ಊಟಕ್ಕೇ ಕೂರುತ್ತಿರಲಿಲ್ಲ.

ವಯಸ್ಸಾದ ಮೇಲೆ ಕೆಲಸ ಕಡಿಮೆಯಾಯಿತು. ಹಲ್ಲು ಪಾಲಿಶ್ ಮಾಡುತ್ತಿದ್ದ ಮೋಟರು ಸುಮ್ಮನೆ ಕೂತಿತ್ತು. ಎಲ್ಲೋ ಒಂದು ಮರದ ಪೆನ್ನು ನೋಡಿ ಬಂದವರಿಗೆ ಅದರ ಹುಚ್ಚು ಹತ್ತಿತು. ಆ ಮೋಟರಿಗೇ ಏನೇನೋ ಜೋಡಿಸಿ ಮರ ಕಡೆಯುವ ಸಣ್ಣದೊಂದು ಲೇತ್ ಮಾಡಿಕೊಂಡರು. ಮರದ ತುಂಡಿಗೆ ಉದ್ದಕ್ಕೂ ತೂತು ಕೊರೆದು, ಅದರೊಳಗೆ ಹಿತ್ತಾಳೆಯ ಕೊಳವೆ ಅಂಟಿಸಿ, ಆಮೇಲೆ ಲೇತಿಗೆ ಕೊಟ್ಟು ನುಣ್ಣಗೆ ಮಾಡುವುದು. ನಿಬ್ಬು, ಕ್ಯಾಪು ಎಲ್ಲ ಕೂರುವುದು ಆ ಕೊಳವೆಯ ಆಧಾರದ ಮೇಲೆ. ಮರ ಎಷ್ಟೇ ಚೆಂದವಿರಲಿ, ಒಳಗಿನ ಅಂಟು ಬಿಟ್ಟರೆ ಪೆನ್ನು ಬರೆಯುವವರ ಕೈಯಲ್ಲೇ ಕಳಚಿಕೊಳ್ಳುತ್ತದೆ.

ಅಂಕಲ್ ಮೊದಲು ಬಳಸಿದ್ದು ಯಾವುದನ್ನು ಅಂತೀರಿ? ಹಲ್ಲಿನ ಸೆಟ್ಟಿಗೆ ವಸಡು ಮಾಡುವ ಗುಲಾಬಿ ಪುಡಿ. ಅದು ಹಿತ್ತಾಳೆಗೆ ಹಿಡಿಯಲಿಲ್ಲ. ಸಾಲದ್ದಕ್ಕೆ ತುದಿಯಲ್ಲಿ ಉಕ್ಕಿ ಬಂದು ಗುಲಾಬಿ ಗೆರೆಯಾಗಿ ಗಟ್ಟಿಯಾಯಿತು. ಅಮ್ಮ ಅದನ್ನು ನೋಡಿ, "ಅಣ್ಣ, ನಿಮ್ಮ ಪೆನ್ನು ನಗ್ತಾ ಇದೆ" ಎಂದಳು. ಅವರೂ ನಕ್ಕರು, ಆದರೆ ಆ ಪೆನ್ನು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ.

ಅಮ್ಮ ಆಗ ಹೈಸ್ಕೂಲ್ ಟೀಚರ್. ಹಳೇಬೀಡಿನ ಕಡೆಯ ಒಂದು ಶಾಲೆಗೆ ಹೆಡ್‌ಮಿಸ್ ಆಗಿ ಪ್ರಮೋಷನ್ ಬರುವುದಿತ್ತು. ನಮ್ಮ ಅಜ್ಜಿ ಕೊನೆಯವರೆಗೂ ಹೆಬ್ಬೆಟ್ಟು ಒತ್ತಿದವಳು. ನಮ್ಮವರನ್ನು ಶಾಲೆಯ ಜಗಲಿಯನ್ನೂ ಹತ್ತಿಸದಿದ್ದ ಕಾಲ ಅವಳದು. ಅವಳ ಮಗಳು ಈಗ ಒಂದು ಶಾಲೆಯ ಚಾರ್ಜ್ ತೆಗೆದುಕೊಂಡು ರುಜು ಹಾಕುತ್ತಾಳೆ ಎಂದರೆ ನಮ್ಮ ಮನೆಯಲ್ಲಿ ಅದು ಸಣ್ಣ ವಿಷಯವಾಗಿರಲಿಲ್ಲ. ಅಪ್ಪ ಬುದ್ಧನ ಪಟಕ್ಕೆ ಹೊಸ ಕಟ್ಟು ಹಾಕಿಸಿದರು. ಅಂಕಲ್ ಜಗಲಿಯಿಂದಲೇ ಹೇಳಿದರು, "ಟೀಚರಮ್ಮ, ಆ ರುಜು ನನ್ನ ಪೆನ್ನಲ್ಲೇ ಹಾಕ್ಬೇಕು."

ಅಮ್ಮ ಮೊದಲು ಪಾಠ ಮಾಡಿದ ಊರು ಅರೇಹಳ್ಳಿ. ಅದಕ್ಕೆ ಮರವೂ ಅಲ್ಲಿಯದೇ ಆಗಬೇಕೆಂದು ಕಿತ್ತುಹಾಕಿದ ಕಾಫಿ ಗಿಡದ ಬೊಡ್ಡೆ ತರಿಸಿದರು. ತಂದುಕೊಟ್ಟವನು ಅರಸೀಕೆರೆಯಿಂದ ಹಳೇಬೀಡು, ಬೇಲೂರು ದಾಟಿ ಅರೇಹಳ್ಳಿಗೆ ಹೋಗುವ ಬಸ್ಸಿನ ಡ್ರೈವರ್. ಅವನ ತಾಯಿಯ ಬಾಯಲ್ಲಿದ್ದದ್ದು ಅಂಕಲ್ ಮಾಡಿದ ಸೆಟ್ಟು. ಅಂಕಲ್ ಬೊಡ್ಡೆಯನ್ನು ಕೊಯ್ದು ಒಣಗಿಸಿ, ಒಡನೆ ಕಚ್ಚಿಕೊಳ್ಳುವ ನೀರಿನಂಥ ಅಂಟಿನಲ್ಲಿ ಕೊಳವೆ ಕೂರಿಸಿ, ಪೆನ್ನು ಮುಗಿಸಿಯೇಬಿಟ್ಟರು. ಮುರಿದ ಸೆಟ್ಟಿಗೆ ದಿನಾ ಅದನ್ನೇ ಹಾಕಿದ ಕೈ ಅದು, ಬೇರೆ ಅಂಟನ್ನು ಅವರು ಅಂಟೆಂದೇ ಒಪ್ಪುತ್ತಿರಲಿಲ್ಲ. ಪೆನ್ನು ಜೇನಿನ ಬಣ್ಣದ್ದು, ಮೈಮೇಲೆ ಸಣ್ಣಗೆ ಕಪ್ಪು ಗೆರೆ. ಅಮ್ಮ ಅದನ್ನು ನೆಂಟರಿಗೆಲ್ಲ ತೋರಿಸಿದಳು.

ಡ್ರೈವರ್ ಮಾತ್ರ ತಲೆಯಾಡಿಸಿದ. "ನಮ್ ಕಡೆ ಮರ ಮಳೇಲಿ ಬೆಳ್ದಿರೋದು ಸಾ. ನಿಮ್ಮೂರ್ ಬಿಸ್ಲಿಗೆ ಕುಗ್ತೈತೆ. ನಿಮ್ ಗಮ್ಮು ತಡಿತೈತಾ?"

ಅಂಕಲ್‌ಗೆ ಇದು ಕೆಣಕಿದ ಹಾಗಾಯಿತು. ಉಳಿದ ತುಂಡುಗಳಲ್ಲೂ ಕೊಳವೆ ಅಂಟಿಸಿದರು. ಒಡನೆ ಹಿಡಿಯುವ ಅಂಟಿನವಕ್ಕೆ ಕೆಂಪು ದಾರ, ಬಡಗಿಗಳ ಬಿಳಿ ಅಂಟಿನವಕ್ಕೆ ಬಿಳಿ ದಾರ, ಎರಡು ಟ್ಯೂಬು ಕಲಸಿದ್ದಕ್ಕೆ ಹಳದಿ. ಎಲ್ಲವನ್ನೂ ಒಂದು ತಂತಿಗೆ ಪೋಣಿಸಿ ಬಸ್ಸಿನ ಮುಂದಿನ ಗಾಜಿನ ಮೇಲೆ ಕಟ್ಟಿಸಿದರು. ಅರಸೀಕೆರೆಯ ಒಣ ಬಿಸಿಲಲ್ಲಿ ಹೊರಟು, ಅರೇಹಳ್ಳಿಯ ತೇವದಲ್ಲಿ ರಾತ್ರಿ ತಂಗಿ, ಮತ್ತೆ ಬೆಳಿಗ್ಗೆ ವಾಪಸ್ಸು. ಎಂಜಿನ್ನಿನ ಅದುರು ಬೇರೆ. ಹುಲಿಕೆರೆ ಕಡೆಯ ಒಬ್ಬ ಅಜ್ಜಿ ಅದನ್ನು ದೃಷ್ಟಿಗೆ ಕಟ್ಟಿದ್ದೆಂದು ತಿಳಿದು, ಹತ್ತುವಾಗಲೆಲ್ಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳಂತೆ. ಕೆಂಪು ದಾರದ್ದೇ ಗೆಲ್ಲುವುದು ಎಂದು ಅಂಕಲ್ ಬೀದಿಯಲ್ಲೆಲ್ಲ ಸಾರಿಬಿಟ್ಟಿದ್ದರು.

ಬಿಳಿ ದಾರದವು ಬೇಗನೇ ಉದುರಿದವು. ಮರಕ್ಕೂ ಮರಕ್ಕೂ ಆದರೆ ಆ ಅಂಟು ಸರಿ, ಹಿತ್ತಾಳೆಗೆ ಅದು ಬಗ್ಗುವುದಿಲ್ಲ. ಕೆಂಪು, ಹಳದಿ ಎರಡೂ ನಿಂತವು. ಬೇಸಿಗೆ ಏರಿತು... ಅಷ್ಟರಲ್ಲಿ ಅಮ್ಮನ ಆರ್ಡರ್ ಬಂತು. ಮರುದಿನವೇ ಚಾರ್ಜ್ ತೆಗೆದುಕೊಳ್ಳಬೇಕು. ಅಮ್ಮ ರೇಷ್ಮೆ ಸೀರೆ ತೆಗೆದಿಟ್ಟು, ಪೆನ್ನಿಗೆ ಇಂಕು ತುಂಬಿಸಿಕೊಂಡು ಕೂತಿದ್ದಳು.

ಆ ಸಂಜೆ ಅಂಕಲ್ ನಮ್ಮ ಮನೆಗೆ ಬಂದರು. ಯಾವತ್ತೂ ಬಾಗಿಲಲ್ಲೇ ಮಾತು ಶುರುಮಾಡುವವರು, ಅವತ್ತು ನೇರ ಒಳಗೆ ಬಂದು ಕೂತರು. ಕೈಯಲ್ಲಿ ಬಸ್ಸಿನಿಂದ ಬಿಚ್ಚಿ ತಂದ ಕೆಂಪು ದಾರದ ತುಂಡು. ಅದನ್ನು ಹಿಡಿದು ಅಲ್ಲಾಡಿಸಿದರು. ಒಳಗಿನ ಕೊಳವೆ ಲೊಟಲೊಟ ಎಂದಿತು.

"ಆ ಪೆನ್ನು ವಾಪಸ್ ಕೊಡಿ ಟೀಚರಮ್ಮ. ನಾಳೆ ಅದು ಬೇಡ."

ಅಮ್ಮನ ಮುಖ ಸಣ್ಣದಾಯಿತು. ಅಪ್ಪ, "ಒಂದು ರುಜು ತಾನೇ ಸಾರ್, ಅಷ್ಟು ಹೊತ್ತು ತಡ್ಕೊಳಲ್ವಾ?" ಎಂದರು.

"ಹಲ್ಲಿನ ಸೆಟ್ಟು ಮದುವೆಮನೇಲೇ ಬೀಳೋದು ಕಣ್ರೀ. ಮನೇಲಿ ಒಬ್ರೇ ಇದ್ದಾಗ ಬೀಳಲ್ಲ. ಅವ್ರು ಹೆಡ್‌ಮಿಸ್ ಕುರ್ಚೀಲಿ ಕೂತು ರುಜು ಹಾಕ್ವಾಗ ಎಲ್ರ ಕಣ್ಣೂ ಅವ್ರ ಕೈ ಮೇಲಿರುತ್ತೆ. ಅವಾಗೇನಾದ್ರೂ ಇದು ಕಳಚ್ಕೊಂಡ್ರೆ ನಗೋರು ನನ್ನ ನೋಡ್ ನಗಲ್ಲ, ಅವ್ರನ್ನ ನೋಡ್ ನಗ್ತಾರೆ."

ಅಮ್ಮ ಪೆನ್ನು ಕೊಟ್ಟಳು. ಮರುದಿನ ನನ್ನ ಬ್ಯಾಗಿನಲ್ಲಿದ್ದ ಬಾಲ್ ಪೆನ್ನಿನಲ್ಲಿ ರುಜು ಹಾಕಿದಳು. ಆಗ ತೆಗೆದ ಫೋಟೋದಲ್ಲಿ ಅವಳ ನಗು ಅಷ್ಟಕ್ಕಷ್ಟೇ. ನನಗೆ ಅಂಕಲ್ ಮೇಲೆ ಕೋಪ ಬಂದಿತ್ತು. ಅವರು ಪಟ್ಟ ಸಂಕಟ ನನಗೆ ತಿಳಿದದ್ದು ಅವರ ಹೆಂಡತಿಯಿಂದ. ಆ ಇಡೀ ದಿನ ಅವರು ಜಗಲಿಗೇ ಬಂದಿರಲಿಲ್ಲವಂತೆ. ಗೆಲ್ಲುತ್ತದೆಂದು ಸಾರಿದ್ದ ಅಂಟು ಸೋತಿದೆ ಎಂದು ಆಮೇಲೆ ತಾವೇ ಬೀದಿಗೆಲ್ಲ ಹೇಳಿದರು. ಜಂಬದ ಮನುಷ್ಯನಿಗೆ ಅದೆಷ್ಟು ಕಷ್ಟವಾಗಿರಬೇಕು...

ಕಾಫಿ ಮರದ್ದೇ ಆದ ಎರಡನೆಯ ಪೆನ್ನಿಗೆ ಅವರು ಆತುರಪಡಲಿಲ್ಲ. ಕೊಳವೆಯನ್ನು ಉಪ್ಪುಕಾಗದದಲ್ಲಿ ಉಜ್ಜಿ ಹೊಳಪು ತೆಗೆದರು. ನುಣ್ಣಗಿದ್ದರೆ ಅಂಟಿಗೆ ಹಿಡಿತ ಸಿಗುವುದಿಲ್ಲ. ಬಸ್ಸಿನಲ್ಲಿ ಕೊನೆಯವರೆಗೂ ನಿಂತ ಎರಡು ಟ್ಯೂಬಿನದರಲ್ಲೂ ನಿಧಾನಕ್ಕೆ ಗಟ್ಟಿಯಾಗುವುದನ್ನೇ ಆರಿಸಿ, ಕಲಸುವ ಕೆಲಸ ನನಗೆ ಕೊಟ್ಟರು. ಕೊಳವೆಗೆ ಬಳಿದು, ತಿರುಗಿಸುತ್ತ ತಿರುಗಿಸುತ್ತ ಮರದೊಳಗೆ ತಳ್ಳಿದರು. ಒಂದಿಡೀ ದಿನ ಅದನ್ನು ಮುಟ್ಟಲು ಯಾರನ್ನೂ ಬಿಡಲಿಲ್ಲ.

ಪೆನ್ನು ಮುಗಿದ ಮೇಲೆ ಇಸ್ತ್ರಿ ಮಾಡಿದ ಶರಟು ತೊಟ್ಟು, ಅದೇ ಬಸ್ಸಿನಲ್ಲಿ ನನ್ನನ್ನೂ ಕರೆದುಕೊಂಡು ಅಮ್ಮನ ಶಾಲೆಗೆ ಹೋದರು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಇದ್ದರು. ಪಿ.ಟಿ. ಮೇಷ್ಟ್ರ ಕೈಗೆ ಪೆನ್ನು ಕೊಟ್ಟು, "ತಿರುಚಿ ಎಳೀರಿ" ಎಂದರು. ಮೇಷ್ಟ್ರು ಮುಖ ಕೆಂಪಾಗುವಷ್ಟು ಎಳೆದರು. ಪೆನ್ನು ಜಪ್ಪಯ್ಯ ಎನ್ನಲಿಲ್ಲ. ಆಗ ಅದನ್ನು ಅಮ್ಮನ ಮೇಜಿನ ಮೇಲಿಟ್ಟು, ಎಲ್ಲರಿಗೂ ಕೇಳಿಸುವಂತೆ, "ಈಗ ರುಜು ಹಾಕಿ ಮೇಡಂ" ಎಂದರು. ಅಷ್ಟು ವರ್ಷ ಟೀಚರಮ್ಮ ಎನ್ನುತ್ತಿದ್ದವರು ಮೊದಲ ಸಲ ಮೇಡಂ ಎಂದದ್ದು. ಅಮ್ಮ ಒಬ್ಬ ಹುಡುಗಿಯ ಅಡ್ಮಿಷನ್ನಿಗೆ ರುಜು ಹಾಕಿದಳು. ಅವಳ ಕಣ್ಣು ತುಂಬಿತ್ತು, ನನ್ನದೂ. ಅಂಕಲ್ ಮಾತ್ರ ಕಾರಿಡಾರಿನಲ್ಲಿ ಸಿಕ್ಕವರಿಗೆಲ್ಲ "ನನ್ನ ಪೆನ್ನು" ಎಂದು ಹೇಳುತ್ತ ಹೊರಟಿದ್ದರು.

ನಿವೃತ್ತಿಯ ದಿನದವರೆಗೂ ಅಮ್ಮ ಅದರಲ್ಲೇ ಬರೆದಳು, ಆಮೇಲೆ ನನಗೆ ಕೊಟ್ಟಳು. ಅಂಕಲ್ ಅದಕ್ಕೂ ಮೊದಲೇ ಹೋಗಿದ್ದರು. ಎದುರುಮನೆಯಲ್ಲಿ ಈಗ ಬಾಡಿಗೆಯವರಿದ್ದಾರೆ.

ಈ ಮಳೆಗಾಲದಲ್ಲಿ ಬೇಲೂರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಾಗ ಪೆನ್ನು ನನ್ನ ಬ್ಯಾಗಿನಿಂದ ಜಾರಿ ಬಸ್ಸಿನ ಚಕ್ರಕ್ಕೆ ಸಿಕ್ಕಿತು. ಕ್ಯಾಪು ಅಪ್ಪಚ್ಚಿ, ಮರ ಸೀಳು ಸೀಳು. ಮನೆಗೆ ತಂದು, ಕೊಳವೆಯನ್ನಾದರೂ ಉಳಿಸಿಕೊಳ್ಳೋಣವೆಂದು ಚಾಕುವಿನಿಂದ ಮರ ಬಿಡಿಸಲು ಕೂತೆ. ಮೇಲಿನ ಚಕ್ಕೆಗಳು ಬಂದವು. ಹಿತ್ತಾಳೆಗೆ ಅಂಟಿದ ಪದರ ಬರಲಿಲ್ಲ. ಚಾಕುವಿನ ತುದಿ ಮುರಿಯಿತು. ಕಾಫಿ ಮರ ಹಾಗೇ ಹಿಡಿದುಕೊಂಡಿತ್ತು.

ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಪೆನ್ನು ಹೋಯಿತೆಂದು ಅವಳು ಅಳಲಿಲ್ಲ.

"ಅಂಟು ಬಿಟ್ಟಿಲ್ವಾ?" ಎಂದಳು.

"ಬಿಟ್ಟಿಲ್ಲ ಕಣಮ್ಮ."

"ಅಣ್ಣ ಇದ್ದಿದ್ರೆ ಇವತ್ತು ಇಡೀ ಅರಸೀಕೆರೆಗೆ ಹೇಳ್ಕೊಂಡ್ ಬರೋರು ಕಣೇ" ಎಂದಳು.

ಅವರಿಲ್ಲ. ಅದಕ್ಕೇ ನಾನು ಹೇಳಿಕೊಂಡು ಬರುತ್ತಿದ್ದೇನೆ.