ಎಡೆಗಿಟ್ಟ ಬಾಟಲಿ

ಅತ್ತೆ ಬಾಟಲಿಯ ಮೇಣದ ಮುದ್ರೆಗೆ ಕುಡುಗೋಲು ಹಾಕಿದ ಕೂಡಲೇ ಮೈದುನ "ಅವ್ವಾ, ಬ್ಯಾಡ!" ಎಂದು ಕಿರುಚಿದ.

ಹಡಗಿನ ಕೆಲಸದಿಂದ ರಜಕ್ಕೆ ಬರುವಾಗ ಅವನು ತಂದಿದ್ದ ಅಮೆರಿಕದ ಬರ್ಬನ್ ವಿಸ್ಕಿ ಅದು. ಕಂಪನಿಯವರು ಕೆಲವೇ ಬಾಟಲಿ ಮಾಡಿ ನಿಲ್ಲಿಸಿದ್ದಾರಂತೆ, ಒಡೆಯದೆ ಇಟ್ಟಷ್ಟೂ ಬೆಲೆ ಏರುತ್ತದಂತೆ. ಪಿತೃಪಕ್ಷದಲ್ಲಿ ನಮ್ಮ ಪಾಂಡವಪುರದ ಕಡೆ ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಡುತ್ತೇವೆ. ಮಾವನ ಫೋಟೊ ಮುಂದೆ ಮುದ್ದೆ, ಬಾಡಿನ ಸಾರು, ಬೀಡಿಯ ಪಕ್ಕ ಮೈದುನ ಈ ಬಾಟಲಿಯನ್ನೂ ಇಟ್ಟಿದ್ದ. ಪೂಜೆ ಮುಗಿದ ಮೇಲೆ ಹಾಗೇ ಎತ್ತಿಟ್ಟುಕೊಳ್ಳುವ ಲೆಕ್ಕಾಚಾರ.

"ಮುಚ್ಚಳ ತೆಗೀದಿರೋದ್ನ ನಿಮ್ಮಪ್ಪ ಎಂಗ್ಲಾ ಕುಡ್ದಾನು? ಸತ್ತೋನ್ಗೂ ಮೋಸ ಮಾಡೀಯಾ?" ಎನ್ನುತ್ತಾ ಅತ್ತೆ ಮಾವನ ಲೋಟಕ್ಕೆ ಬಗ್ಗಿಸಿಯೇಬಿಟ್ಟರು. ಕರ್ಪೂರ ಆರಿದ ಮೇಲೆ, ಎಡೆಯ ಪ್ರಸಾದವೆಂದು ಗಂಡಸರ ಎದುರೇ ತಾವೂ ಒಂದು ಗುಟುಕು ಕುಡಿದು ಬಾಯಿ ಚಪ್ಪರಿಸಿದರು.

"ಆಲೆಮನೇಲಿ ಬೆಲ್ಲದ ಪಾಕ ತಳ ಹಿಡ್ದಂಗೈತೆ. ಇದು ಮಡಗಿ ಕಾಯೋ ಸಾಮಾನಲ್ಲ ಕಣ್ಲಾ, ಕುಡ್ಯೋ ಸಾಮಾನು."

ಹೀಗೆ ಬೆಲೆ ಕಟ್ಟಿ ಲೋಟವನ್ನು ನನ್ನ ಕೈಗೆ ಕೊಟ್ಟರು. ನಮ್ಮ ಯಜಮಾನರು ಕಣ್ಣು ಕೆಕ್ಕರಿಸಿದರು. ನಾನು ಅವರನ್ನೇ ನೋಡುತ್ತಾ ಕುಡಿದೆ. ಮೊದಲು ಗಂಟಲು ಉರಿಯಿತು, ಆಮೇಲೆ ಸಿಹಿ ನಿಂತಿತು.

ಮಾರನೆಯ ದಿನ, ಮದುವೆಯಾದಾಗಿನಿಂದ ಬೀರುವಿನಲ್ಲೇ ಮಡಿಸಿಟ್ಟಿದ್ದ ರೇಷ್ಮೆ ಸೀರೆ ಉಟ್ಟು ಡೇರಿಗೆ ಹಾಲು ಹಾಕಲು ಹೋದೆ. ಸಾಲಿನಲ್ಲಿದ್ದವರು ನಕ್ಕರು. ನಗಲಿ. ಇವತ್ತೂ ಅದನ್ನೇ ಉಟ್ಟಿದ್ದೇನೆ.