ನನ್ನ ಹೆಸರು ಹೇಳಿ ಸೀರೆ ಕೊಂಡವಳು

ನಾನು ಬದುಕಿರುವಾಗಲೇ ನನ್ನ ತವರೂರಿನಲ್ಲಿ ನನಗಾಗಿ ಸಮಾಧಿಯ ಕುಣಿ ತೋಡಲಾಯಿತು. ಅದಕ್ಕೆ ಕಾರಣರಾದವರು ಇಬ್ಬರು: ನನ್ನ ತಂಗಿಯ ಮಗ ವೀರೇಶ ಮತ್ತು ಬೆಳಗಾವಿಯ ಒಂದು ದೊಡ್ಡ ಬಟ್ಟೆ ಅಂಗಡಿಯ ಮಾಲೀಕರು. ಇಬ್ಬರೂ ಇಂದಿನವರೆಗೆ ನನ್ನ ಕ್ಷಮೆ ಕೇಳಿಲ್ಲ. ವೀರೇಶ ಅತ್ತಿದ್ದಾನೆ, ನಿಜ. ಅಳುವುದು ಬೇರೆ, ಕ್ಷಮೆ ಕೇಳುವುದು ಬೇರೆ. ಅಂಗಡಿಯವರು ಒಂದು ಟವೆಲ್ ಕಳುಹಿಸಿದ್ದರು. ಅದನ್ನು ಬಿಚ್ಚದೆ ಹಿಂದಿರುಗಿಸಿದ್ದೇನೆ.

ಇದು ೨೦೦೧ನೇ ಇಸವಿಯ ಸಂಗತಿ. ಸಂಕ್ರಾಂತಿ ಕಳೆದು ಕೆಲವೇ ದಿನಗಳಾಗಿದ್ದವು. ನಾನು ಪ್ರಾಥಮಿಕ ಶಾಲೆಯ ಮುಖ್ಯಾಧ್ಯಾಪಕಿಯಾಗಿ ನಿವೃತ್ತಳಾಗಿ, ಬೆಳಗಾವಿಯ ಟಿಳಕವಾಡಿಯಲ್ಲಿ ಎರಡು ಕೋಣೆಯ ಮನೆಯಲ್ಲಿ ವಾಸವಾಗಿದ್ದೆ. ನನ್ನ ಹೆಸರು ನೀಲಾಂಬಿಕಾ. ಅಡ್ಡಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಒಮ್ಮೆ ಊರೂರು ಸುತ್ತಿ ಬಂದದ್ದೇ ಸಾಕಾಗಿದೆ.

ಆ ಅಂಗಡಿಯವರು ಹಳೆಯ ಗಿರಾಕಿಗಳಿಗೆಂದು ಒಂದು ಚೀಟಿ ಮಾಡಿಕೊಟ್ಟಿದ್ದರು. ಅದರಲ್ಲಿ ಒಂದು ಸಂಖ್ಯೆ ಇರುತ್ತಿತ್ತು. ಬಿಲ್ಲು ಬರೆಯುವ ಗುಮಾಸ್ತನಿಗೆ ಆ ಸಂಖ್ಯೆಯನ್ನೂ ಹೆಸರನ್ನೂ ಹೇಳಬೇಕು. ಅವನು "ತವರೂರು ಯಾವುದ್ರೀ?" ಎಂದು ಕೇಳುತ್ತಾನೆ. ಉತ್ತರ ಸರಿಯಾಗಿದ್ದರೆ ಬೆಲೆಯಲ್ಲಿ ನಾಲ್ಕನೆಯ ಒಂದು ಭಾಗ ಬಿಡುತ್ತಾರೆ. ಚೀಟಿ ತೋರಿಸುವ ಅಗತ್ಯವೂ ಇರಲಿಲ್ಲ. ಅದರ ಕೆಳಗೆ ಕೆಂಪು ಅಕ್ಷರದಲ್ಲಿ ‘ಸ್ವಂತ ಉಪಯೋಗಕ್ಕೆ ಮಾತ್ರ’ ಎಂದು ಅಚ್ಚಾಗಿತ್ತು. ಅಂದರೆ ಒಂದು ಸಂಖ್ಯೆ, ಒಂದು ಹೆಸರು, ಒಂದು ಊರು ಬಾಯಿಪಾಠ ಮಾಡಿಕೊಂಡ ಯಾವ ಹೆಂಗಸೂ ಆ ಅಂಗಡಿಯಲ್ಲಿ ನಾನೇ ಆಗಬಹುದಿತ್ತು. ಇದು ನನಗೆ ಆಗ ಹೊಳೆಯಲಿಲ್ಲ.

ಅದರ ಹಿಂದಿನ ವರ್ಷ ಒಂದು ದಿನ ವೀರೇಶ ತನ್ನ ಅಪ್ಪನಿಗೆ ಧೋತರ ಕೊಳ್ಳಬೇಕೆಂದು ನನ್ನ ಚೀಟಿ ಕೇಳಿದ. ಅವನೇನು ಹುಡುಗನಲ್ಲ, ಮೂವತ್ತು ದಾಟಿದ ನೌಕರಸ್ಥ. ಕೊಟ್ಟೆ. ಅದೇ ಸಂಜೆ ಹಿಂದಿರುಗಿಸಿದ. ಧೋತರ ನಾನು ಕಂಡಿಲ್ಲ.

ಆ ವರ್ಷದ ದೀಪಾವಳಿಗೆ ನಾನು ಅಂಗಡಿಗೆ ಹೋಗಿ ಸಂಖ್ಯೆ ಹೇಳಿದಾಗ ಗುಮಾಸ್ತ ತಲೆಯೆತ್ತಿ ನೋಡಿದ.

"ಮುಂಜಾನೆ ಬಂದ ಹೋಗೀರೆಲ್ಲ್ರೀ ಬಾಯಾರ?"

"ಯಾರು, ನಾನೇ?"

"ನೀಲಾಂಬಿಕಾ, ಪಾರಿಶ್ವಾಡ. ಇಲ್ಲೇ ಬರದೈತಿ ನೋಡ್ರಿ. ಆದರ ಮುಂಜಾನೆ ಒಂದೀಟು ದಪ್ಪ ಇದ್ದಿರಿ."

ಸುತ್ತಲಿದ್ದವರು ನಕ್ಕರು. ನಾನು ವ್ಯವಸ್ಥಾಪಕರ ಬಳಿಗೆ ಹೋದೆ. ಅವರು ಎದ್ದು ನಿಲ್ಲಲಿಲ್ಲ. ಕುಳಿತಲ್ಲಿಂದಲೇ, "ವಯಸ್ಸಾತಂದ್ರ ಹಿಂಗ ಆಗತೈತ್ರೀ ಟೀಚರ. ನಮ್ಮವ್ವ ಉಂಡದ್ದ ಮರತು ಮತ್ತ ತಾಟ ಹಿಡಕೊಂಡ ಕುಂದರತಾಳ," ಎಂದರು. ಮನೆಗೆ ಬಂದು, ನನ್ನ ಸಂಖ್ಯೆಯನ್ನು ಬೇರೆ ಯಾರೋ ಬಳಸುತ್ತಿದ್ದಾರೆಂದೂ ಅದನ್ನು ಕೂಡಲೇ ರದ್ದುಪಡಿಸಬೇಕೆಂದೂ ಪತ್ರ ಬರೆದು, ಪ್ರತಿ ಇಟ್ಟುಕೊಂಡು, ರಿಜಿಸ್ಟರ್ ಅಂಚೆಯಲ್ಲಿ ಕಳುಹಿಸಿದೆ. ಉತ್ತರ ಬರಲಿಲ್ಲ. ಬಂದದ್ದು ಹೊಸ ವರ್ಷದ ಶುಭಾಶಯ: ‘ಕಳೆದ ವರ್ಷ ಹದಿನಾಲ್ಕು ಸಲ ನಮ್ಮಲ್ಲಿಗೆ ದಯಮಾಡಿಸಿದ ನಿಮಗೆ ವಂದನೆಗಳು.’

ನಾನು ಹೋಗಿದ್ದು ಮೂರು ಸಲ.

ಉಳಿದ ಹನ್ನೊಂದು ಸಲ ಹೋದವಳು ಯಾರು? ಒಬ್ಬಳೋ, ಹನ್ನೊಂದು ಮಂದಿಯೋ? ಆಮೇಲೆ ಪೇಟೆಗೆ ಹೋದಾಗಲೆಲ್ಲ ಆ ಅಂಗಡಿಯ ಚೀಲ ಹಿಡಿದ ಹೆಂಗಸರ ಮುಖವನ್ನು ನೋಡತೊಡಗಿದೆ. ಒಮ್ಮೆ ಬಸ್ಸಿನಲ್ಲಿ ಒಬ್ಬಳು ನನ್ನನ್ನೇ ನೋಡಿ ಮುಗುಳ್ನಕ್ಕಳು. ಅವಳ ತೊಡೆಯ ಮೇಲೆ ಅದೇ ಚೀಲವಿತ್ತು. ನಾನು ಮುಂದಿನ ನಿಲ್ದಾಣದಲ್ಲಿ ಇಳಿದು ನಡೆದುಕೊಂಡು ಮನೆಗೆ ಹೋದೆ.

ಸಂಕ್ರಾಂತಿಯ ನಂತರದ ಆ ಬೆಳಿಗ್ಗೆ ನಾನು ಅಕ್ಕಿ ಆರಿಸುತ್ತ ಕುಳಿತಿದ್ದೆ. ಹೊರಗೆ ಜೀಪು ನಿಂತ ಸದ್ದಾಯಿತು. ಯಾರೂ ಬಾಗಿಲು ತಟ್ಟಲಿಲ್ಲ. ಬದಲಿಗೆ ಹೊರಗಿನಿಂದ ಬೀಗದ ಕೈ ತಿರುಗಿಸಲು ಯಾರೋ ಯತ್ನಿಸುತ್ತಿದ್ದರು. ಇನ್ನೊಂದು ಕೈ ಇದ್ದದ್ದು ಊರಿನಲ್ಲಿ ತಮ್ಮನ ಮನೆಯವರಲ್ಲಿ ಮಾತ್ರ. ನಾನೇ ಎದ್ದು ಬಾಗಿಲು ತೆರೆದೆ. ಹೊಸ್ತಿಲಾಚೆ ನನ್ನ ತಮ್ಮ ಮಲ್ಲಪ್ಪನ ಹೆಂಡತಿ ಶಾಂತವ್ವ ಮತ್ತು ಊರಿನ ಇಬ್ಬರು ಹೆಂಗಸರು ನಿಂತಿದ್ದರು. ಒಬ್ಬಳ ಕೈಯಲ್ಲಿ ವಿಭೂತಿ, ಬಿಲ್ವಪತ್ರೆಯ ಬುಟ್ಟಿ. ಶಾಂತವ್ವನ ಕಣ್ಣುಗಳು ಅತ್ತು ಊದಿಕೊಂಡಿದ್ದವು. ನನ್ನನ್ನು ಕಂಡು ಅವಳ ಕೈಯಿಂದ ಬೀಗದ ಕೈ ಬಿತ್ತು.

ಬಳಿಕ ಅವಳು ಬಗ್ಗಿ ನನ್ನ ಪಾದ ಮುಟ್ಟಿದಳು. ನಮಸ್ಕರಿಸಲಿಕ್ಕಲ್ಲ, ಪಾದ ಬೆಚ್ಚಗಿದೆಯೋ ಇಲ್ಲವೋ ನೋಡಲಿಕ್ಕೆ.

"ಅಕ್ಕಾರ... ನೀವ ಏನ್ರೀ?"

"ನಾನ ಅಲ್ಲದ ಮತ್ತ್ಯಾರ?"

"ಏನರ ಒಂದು ಸಿಟ್ಟಿನ ಮಾತ ಆಡ್ರಿ ಅಕ್ಕಾರ. ಅಂದ್ರ ಖರೇ ನಂಬತೀನಿ."

"ಬರೂದಕ್ಕ ಮೊದಲ ಒಂದು ಫೋನ್ ಮಾಡಾಕ ನಿನಗ ಏನಾಗಿತ್ತ? ಸಾಲ್ಯಾಗ ನಾಲ್ಕನೇತ್ತಾ ತನಕ ಕಲಿತದ್ದೆಲ್ಲಾ ನೀರಿಗೆ ಹಾಕಿದಿ!"

"ಸತ್ತವರ ಮನಿಗಿ ಯಾರರ ಫೋನ್ ಮಾಡ್ತಾರೇನ್ರೀ?" ಎಂದು ಹೇಳಿ ಅವಳು ಹೊಸ್ತಿಲ ಮೇಲೆ ಕುಸಿದು ಕುಳಿತಳು.

ನಡೆದದ್ದು ಇಷ್ಟು. ಹಿಂದಿನ ಸಂಜೆ ಬಸ್ಸಿನಲ್ಲಿ ಒಬ್ಬ ಹೆಂಗಸಿಗೆ ಎದೆನೋವು ಬಂದು, ಖಾನಾಪುರದಲ್ಲಿ ಇಳಿಸಿ ದವಾಖಾನೆಗೆ ಒಯ್ಯುವಷ್ಟರಲ್ಲಿ ಪ್ರಾಣ ಹೋಗಿತ್ತು. ಅವಳೊಂದಿಗೆ ಉಳಿದದ್ದು ಒಂದು ಬಟ್ಟೆ ಅಂಗಡಿಯ ಚೀಲ ಮಾತ್ರ. ಅದರೊಳಗಿನ ಬಿಲ್ಲಿನ ಮೇಲೆ ನನ್ನ ಪೂರ್ತಿ ಹೆಸರು, ‘ತವರೂರು ಪಾರಿಶ್ವಾಡ’ ಎಂದು ಇತ್ತು. ನಸುಕಿನಲ್ಲೇ ಊರಿಗೆ ಸುದ್ದಿ ಮುಟ್ಟಿತು; ಮಲ್ಲಪ್ಪನನ್ನು ದವಾಖಾನೆಯಲ್ಲಿ ಬಿಟ್ಟು, ಹೆಣಕ್ಕೆ ಉಡಿಸಲು ನನ್ನದೊಂದು ಸೀರೆ ಒಯ್ಯಲೆಂದು ಹೆಂಗಸರು ನನ್ನ ಮನೆಗೆ ಬಂದಿದ್ದರು. ಬಿಲ್ಲನ್ನು ನಂಬಿದವರನ್ನು ನಾನು ದೂರುವುದಿಲ್ಲ. ಬಿಲ್ಲೇ ಹಾಗೆ ಹೇಳುತ್ತಿತ್ತು.

ಅದೇ ಜೀಪಿನಲ್ಲಿ ನಾನೂ ಖಾನಾಪುರಕ್ಕೆ ಹೋದೆ. ಬುಟ್ಟಿ ಹಿಡಿದ ಹೆಂಗಸು ದಾರಿಯುದ್ದಕ್ಕೂ ನನ್ನ ಪಕ್ಕದಲ್ಲಿ ಕುಳಿತಿದ್ದಳು. ನನ್ನ ಹಣೆಗೆಂದು ತಂದ ವಿಭೂತಿ ನನ್ನ ಮೊಣಕೈಗೆ ತಾಗುತ್ತಿತ್ತು. ದವಾಖಾನೆಯ ಮೆಟ್ಟಿಲ ಮೇಲೆ ಮಲ್ಲಪ್ಪ ತಲೆಗೆ ವಲ್ಲಿ ಹೊದ್ದು ಕುಳಿತಿದ್ದ. ನನ್ನನ್ನು ನೋಡಿದವನು ಮೊದಲು ನನ್ನ ನೆರಳನ್ನು ನೋಡಿದ, ಆಮೇಲೆ ಮುಖವನ್ನು.

"ಒಳಗ ಹೋಗಿ ನೋಡಿಲ್ಲೇನೋ?"

"ಕಾಲ ಏಳಲಿಲ್ಲಕ್ಕಾ. ನಮ್ಮಕ್ಕನ ಅಂತ ಹೊರಗಿನಿಂದನ ಸಹಿ ಮಾಡಿದೆ."

ಹಾಗಾದರೆ ನೋಡುವವಳು ನಾನೇ ಆಗಬೇಕಾಯಿತು. ಒಳಗೆ ಹೋದೆ. ಸಿಬ್ಬಂದಿಯೊಬ್ಬ ಬಟ್ಟೆ ಸರಿಸಿದ. ನನಗಿಂತ ಹತ್ತು ವರ್ಷ ಚಿಕ್ಕವಳಿರಬೇಕು. ದುಂಡು ಮುಖ, ಅರ್ಧ ನರೆತ ಕೂದಲು, ಕೊರಳಲ್ಲಿ ಮಂಗಳಸೂತ್ರ. ನಮ್ಮವರಂತೆ ಲಿಂಗ ಕಟ್ಟಿದ ಗುರುತು ಇರಲಿಲ್ಲ. ಬಾಯಿ ಸ್ವಲ್ಪ ತೆರೆದಿತ್ತು, ಯಾರೋ ಏನನ್ನೋ ಕೇಳಿ ಉತ್ತರಕ್ಕೆ ಕಾಯುತ್ತಿರುವಂತೆ.

ಚೀಲದಲ್ಲಿ ಎರಡು ಸೀರೆ, ಸಣ್ಣ ಹುಡುಗಿಯ ಪರಕಾರಕ್ಕೆ ಆಗುವಷ್ಟು ಹಸಿರು ಬಟ್ಟೆ ಮತ್ತು ಮಡಿಚಿದ ಒಂದು ಕಾಗದ ಇದ್ದವು. ಕಾಗದದ ಮೇಲೆ ದೇವನಾಗರಿ ಲಿಪಿಯಲ್ಲಿ ನನ್ನ ಹೆಸರನ್ನು ಐದು ಸಲ ಬರೆಯಲಾಗಿತ್ತು. ಕೆಳಗೆ ‘ಪಾರಿಶ್ವಾಡ, ಪಾರಿಶ್ವಾಡ’. ಶಾಲೆಯ ಮಕ್ಕಳು ಕಾಪಿ ಬರೆಯುವ ಹಾಗೆ. ಮೊದಲ ಸಲ ತಪ್ಪಾಗಿತ್ತು, ಐದನೆಯ ಸಲಕ್ಕೆ ಸರಿಯಾಗಿತ್ತು. ನಲವತ್ತು ವರ್ಷ ಮಕ್ಕಳ ಕಾಪಿ ತಿದ್ದಿದ ನನ್ನ ಬೆರಳು ತಾನಾಗಿಯೇ ಆ ಮೊದಲ ತಪ್ಪಿನ ಮೇಲೆ ಹೋಯಿತು. ಈ ಹೆಂಗಸು ಸಾಯುವ ದಿನ ಕಷ್ಟಪಟ್ಟು ಕಲಿತದ್ದು ನಾನಾಗುವುದನ್ನು.

"ನಿಮಗ ಇವರು ಏನಾಗಬೇಕ್ರೀ?" ಎಂದು ಸಿಬ್ಬಂದಿ ಕೇಳಿದ. ನಾನು ಕಾಗದವನ್ನು ಮೊದಲಿನಂತೆಯೇ ಮಡಿಚಿ ಚೀಲದಲ್ಲಿಟ್ಟೆ.

ಮಧ್ಯಾಹ್ನ ಪಾರಿಶ್ವಾಡಕ್ಕೆ ಹೋದೆವು. ಹೊಲದಲ್ಲಿ ನಮ್ಮ ತಂದೆಯ ಸಮಾಧಿಯ ಬದಿಗೆ ಕುಣಿ ಸಿದ್ಧವಾಗಿತ್ತು. ನಮ್ಮಲ್ಲಿ ಸತ್ತವರನ್ನು ಕುಳ್ಳಿರಿಸಿ ಹೂಳುತ್ತಾರೆ. ಅದಕ್ಕಾಗಿ ಒಳಗೆ ಒಂದು ಗೂಡು ಕೊರೆಯುತ್ತಾರೆ. ನನಗಾಗಿ ಕೊರೆದ ಗೂಡನ್ನು ನಾನು ಅಂಚಿನಲ್ಲಿ ನಿಂತು ನೋಡಿದೆ. ಅಳತೆ ಸರಿಯಾಗಿತ್ತು. ಕುಣಿ ತೋಡಿದ ನಮ್ಮ ದೊಡ್ಡಪ್ಪನ ಮಗ ರುದ್ರಪ್ಪ ಸಲಿಕೆ ಊರಿ ನಿಂತಿದ್ದ. ಅವನು ನನ್ನ ಮುಖ ನೋಡದೆ ಹೇಳಿದ:

"ತೋಡಿದ ಕುಣಿ ಬರೇ ಮುಚ್ಚಬಾರದ ತಂಗಿ. ಅದು ಕಾಯತೈತಿ ಅಂತಾರ. ಏನರ ಇಟ್ಟ ಮುಚ್ಚಬೇಕು."

ಅವರು ಗೂಡಿನಲ್ಲಿ ಒಂದು ಕಲ್ಲು ಕುಳ್ಳಿರಿಸಿದರು. ನಾನು ಪರ್ಸಿನಿಂದ ಅಂಗಡಿಯ ಚೀಟಿ ತೆಗೆದು ಅದರ ಮೇಲೆ ಹಾಕಿದೆ. ಮಣ್ಣು ಬಿತ್ತು. ಇಂದಿಗೂ ಅಲ್ಲಿ ನೆಲ ಸ್ವಲ್ಪ ಉಬ್ಬಿದೆ.

ಮರುದಿನ ವೀರೇಶನನ್ನು ಕರೆಸಿದೆ. ಸತ್ತವಳ ಸುದ್ದಿ ಅವನಿಗೆ ಮುಟ್ಟಿತ್ತು. ಕೇಳುವ ಮೊದಲೇ ಅಳತೊಡಗಿದ.

"ಇಂಟರ್‌ನೆಟ್‌ನ್ಯಾಗ ಫಲಕ ಇದ್ದಂಗ ಒಂದೈತಿ ದೊಡ್ಡವ್ವ. ಯಾರ ಬೇಕಾದವ್ರು ಅದರಾಗ ಬರೀಬಹುದು. ಬೆಳಗಾವಿಗೆ ಮದುವಿ ಜವಳಿಗೆ ಬರವ್ರಿಗೆ ರಿಯಾಯಿತಿ ನಂಬರ ಕೊಡ್ತೀನಿ ಅಂತ ಬರದೆ. ಲಕೋಟಿಯೊಳಗ ನೋಟ ಇಟ್ಟ ಕಳಸತಿದ್ರು."

"ಯಾರ ನಂಬರ?"

"ನಿಂದ. ಆದರ ಕಳವು ಮಾಡೀನಿ ಅನಬ್ಯಾಡ. ನಿಂದೇನ ಹೋತು? ನಿನ್ನ ರಿಯಾಯಿತಿ ನಿನಗ ಇದ್ದ ಐತೆಲ್ಲ?"

ಈ ಮಾತನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ.

"ಕೊಂಡವ್ರ ಹೆಸರ ಹೇಳು. ಅಲ್ಲೊಬ್ಬಾಕಿ ಬಿದ್ದಾಳ. ಆಕೀ ಮನಿಯವ್ರಿಗೆ ತಿಳಸಬೇಕು."

ಅವನಿಗೆ ಒಂದು ಹೆಸರೂ ತಿಳಿದಿರಲಿಲ್ಲ. ಇ-ಮೇಲ್‌ನಲ್ಲಿ ಜನ ತಮಗೆ ತಾವೇ ಹೂವಿನ ಹೆಸರು, ಹಕ್ಕಿಯ ಹೆಸರು ಇಟ್ಟುಕೊಂಡಿದ್ದರು. ಲಕೋಟೆಗಳ ಮೇಲೆ ಕಳುಹಿಸಿದವರ ವಿಳಾಸವಿರಲಿಲ್ಲ. ಇದ್ದರೂ ಅವನು ಇಟ್ಟುಕೊಂಡಿರಲಿಲ್ಲ. ಅವನ ಕಿವಿ ಹಿಡಿಯದಿದ್ದರೂ ರಟ್ಟೆ ಹಿಡಿದುಕೊಂಡು ನಮ್ಮ ಬೀದಿಯ ಸೈಬರ್ ಕೆಫೆಗೆ ಹೋದೆ. ನಾನು ಹೇಳಿದೆ, ಅವನು ಟೈಪು ಮಾಡಿದ: ‘ನೀವು ನನ್ನ ಹೆಸರಿನಲ್ಲಿ ಬಟ್ಟೆ ಕೊಂಡವರು. ನೀವು ಬದುಕಿದ್ದರೆ ದಯವಿಟ್ಟು ಒಂದು ಸಾಲು ಬರೆಯಿರಿ.’ ಮರಾಠಿ, ಇಂಗ್ಲಿಷಿನಲ್ಲೂ ಅದನ್ನೇ ಬರೆಸಿ, ಎಲ್ಲ ವಿಳಾಸಗಳಿಗೂ ಕಳುಹಿಸಿದೆವು.

ಎರಡು ದಿನಗಳಲ್ಲಿ ಕೆಲವು ಉತ್ತರ ಬಂದವು. ಒಬ್ಬರು ಬೈದಿದ್ದರು. ಇನ್ನೊಬ್ಬಳು ಬರೆದಿದ್ದಳು: ‘ನಾನು ಬದುಕಿದ್ದೇನೆ. ನಂಬರು ಇನ್ನೂ ನಡೆಯುತ್ತದೆಯೇ?’ ಮೂರು ವಿಳಾಸಗಳಿಂದ ಏನೂ ಬರಲಿಲ್ಲ. ಆ ಮೂವರಲ್ಲಿ ಅವಳಿದ್ದಳೋ, ಅಥವಾ ಕೊಂಡವರು ತಮ್ಮ ನೆಂಟರಿಗೆ ಹೇಳಿ, ಆ ನೆಂಟರಲ್ಲಿ ಒಬ್ಬಳಾಗಿದ್ದಳೋ, ತಿಳಿಯುವ ದಾರಿ ಇರಲಿಲ್ಲ.

ಅಂಗಡಿಗೂ ಹೋದೆ. ಅವಳು ಏನಾದರೂ ಮಾತನಾಡಿದಳೇ, ಯಾವ ಊರಿಗೆ ಹೋಗುವೆನೆಂದಳೇ ಎಂದು ಅದೇ ಗುಮಾಸ್ತನನ್ನು ಕೇಳಿದೆ. "ನಂಬರ ಸಾವಕಾಶ ಹೇಳಿದ್ರು, ನಿಮ್ಮ ಹೆಸರ ಹೇಳಿದ್ರು, ತವರೂರ ಹೇಳಿದ್ರು," ಎಂದ. "ಬಾಕಿ ಏನೂ ನಾವು ಕೇಳೂದಿಲ್ರೀ." ಈ ಸಲ ಅವನು ನಗಲಿಲ್ಲ. ವ್ಯವಸ್ಥಾಪಕರು ಎದ್ದು ನಿಂತರು. ತಡವಾಗಿ ನಿಂತರು.

ಕಾಯಬೇಕಾದಷ್ಟು ದಿನ ಕಾಯ್ದು, ಖಾನಾಪುರದಲ್ಲೇ ಅವಳ ದಹನವಾಯಿತು. ನಾನು ಹೋಗಿದ್ದೆ. ದವಾಖಾನೆಯ ದಾಖಲೆ ಪುಸ್ತಕದಲ್ಲಿ ನನ್ನ ಹೆಸರನ್ನು ಅಡ್ಡಗೆರೆ ಎಳೆದು ಅಳಿಸಿದ್ದರು. ಅದರ ಮೇಲೆ ‘ಅಪರಿಚಿತ ಮಹಿಳೆ’ ಎಂದು ಬರೆದಿದ್ದರು. ನನ್ನ ಹೆಸರು ನನಗೆ ಹಿಂದಿರುಗಿ ಬಂದಿತ್ತು. ಅವಳಿಗೆ ಯಾವುದೂ ಉಳಿದಿರಲಿಲ್ಲ. ಯಾವುದೋ ಮನೆಯಲ್ಲಿ ಒಬ್ಬ ಸಣ್ಣ ಹುಡುಗಿ ಹಸಿರು ಪರಕಾರಕ್ಕಾಗಿ ಬಾಗಿಲು ನೋಡುತ್ತ ಕುಳಿತಿರಬೇಕು ಎಂಬ ಯೋಚನೆ ಈಗಲೂ ನನ್ನನ್ನು ಬಿಡುವುದಿಲ್ಲ. ಯಾರಾದರೂ ನನ್ನನ್ನು ಹೆಸರು ಹಿಡಿದು ಕರೆದರೆ ಓಗೊಡುವ ಮುನ್ನ ಒಂದು ಕ್ಷಣ ತಡೆಯುತ್ತೇನೆ. ಕರೆದದ್ದು ನನ್ನನ್ನೋ, ಅವಳನ್ನೋ?

ವೀರೇಶ, ನಿಂದೇನು ಹೋಯಿತೆಂದು ನೀನು ನನ್ನನ್ನು ಕೇಳಿದ್ದೆ. ಅಂಗಡಿಯ ಮಾಲೀಕರೇ, ನನ್ನ ರಿಜಿಸ್ಟರ್ ಪತ್ರ ನಿಮಗೆ ಮುಟ್ಟಿದ ರಸೀದಿ ನನ್ನಲ್ಲಿದೆ. ನೀವಿಬ್ಬರೂ ನನಗೆ ಇನ್ನೇನನ್ನೂ ಕೊಡುವುದು ಬೇಡ. ನಾನು ಕೇಳುವುದು ಒಂದೇ ಪ್ರಶ್ನೆ: ಆ ಹೆಂಗಸಿನ ಹೆಸರೇನು?